ಕಾಣದ ದಾರಿಯಲ್ಲಿ ಮೊದಲ ಎಂಟಿಬಿ ರೇಸ್: ಪುಣೆಯ ಕನ್ನಡದ ಗೆಳೆಯರು ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆ ಹಿಂದೆ ಸರಿದು ಅಕ್ಟೋಬರ್ ಬಂತೆಂದರೆ ಪುಣೆಯ ಸುತ್ತಮುತ್ತ ಮೌಂಟನ್ ಬೈಕ್ (ಎಂಟಿಬಿ) ರೇಸ್‌ಗಳ ಹಂಗಾಮು ಶುರುವಾಗುತ್ತದೆ. ಹಿಂಜವಡಿಯ ಐಟಿ ಕಂಪನಿಗಳ ಹುಡುಗರು, ಚಿಂಚವಡದ ಕಾರ್ಖಾನೆಗಳಲ್ಲಿ ದುಡಿಯುವ ವಿಜಯಪುರ, ಬಾಗಲಕೋಟೆ ಕಡೆಯವರು, ಮುಂಬಯಿಯಿಂದ ಬರುವ ಗೆಳೆಯರು ಎಲ್ಲರೂ ಆಗ ಕೇಳುವುದು ಹೆಚ್ಚುಕಡಿಮೆ ಒಂದೇ ಮಾತು: ಹಿಂದೆಂದೂ ನೋಡದ ಜಾಗದಲ್ಲಿ ರೇಸ್ ಹೊಡೆಯೋದು ಹೇಗೆ? ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುತ್ತಿದ್ದುದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ನಾನು ರೋಡ್ ಸೈಕಲ್ ಹೊಡೆಯುವವನು. ಸಿಂಹಗಡ ಘಾಟ್ ನಿಲ್ಲಿಸದೆ ಹತ್ತುತ್ತೇನೆ. 30 ಕಿಲೋಮೀಟರ್ ಎಂಟಿಬಿ ರೇಸ್‌ಗೆ ಒಂದೂವರೆ ಗಂಟೆ ಸಾಕಲ್ಲವಾ?

ಸಾಲುವುದಿಲ್ಲ. ಸಿಂಹಗಡ ಹತ್ತಿದ ಉಸಿರು, ಕಾಲಿನ ಕಸುವು ಖಂಡಿತ ಉಪಯೋಗಕ್ಕೆ ಬರುತ್ತದೆ, ಆದರೆ ಡಾಂಬರಿನ ಲೆಕ್ಕ ಮಣ್ಣಿನಲ್ಲಿ ನಡೆಯುವುದಿಲ್ಲ. ಗುಡ್ಡದ ಕಾಲುದಾರಿಯಲ್ಲಿ ಮೊದಲ ರೇಸ್ ಹೊಡೆಯುವವರಿಗೆ ಗಂಟೆಗೆ 12ರಿಂದ 14 ಕಿಲೋಮೀಟರ್ ಸರಾಸರಿ ಸಿಕ್ಕರೆ ಚೆನ್ನಾಗಿ ಹೊಡೆದಿದ್ದಾರೆ ಎಂದೇ ಅರ್ಥ. ರೋಡ್‌ನಲ್ಲಿ ಇಳಿಜಾರು ಎಂದರೆ ವಿಶ್ರಾಂತಿ. ಇಲ್ಲಿ ಇಳಿಯುವಾಗಲೂ ಕೈ, ಭುಜ, ಬೆನ್ನು ದುಡಿಯುತ್ತಲೇ ಇರುತ್ತವೆ. ನೀರು, ತಿನಿಸು ಎಲ್ಲವನ್ನೂ ಎರಡೂವರೆ ಗಂಟೆಯ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಆಯೋಜಕರು ರೂಟ್ ಫೈಲ್ ಕಳಿಸಿದ್ದಾರೆ. ಫೋನಿನಲ್ಲಿ ನೋಡಿಕೊಂಡರೆ ಸಾಕಾ, ಖುದ್ದಾಗಿ ಹೋಗಿ ನೋಡಲೇಬೇಕಾ?

ಎರಡೂ ಮಾಡಿ. ಒಂದನ್ನೇ ಮಾಡಲು ಸಾಧ್ಯವಿದ್ದರೆ ಹೋಗಿ ನೋಡಿ.

ಆಯೋಜಕರು ಕಳಿಸುವ ರೂಟ್ ಫೈಲ್ (ಜಿಪಿಎಕ್ಸ್) ಒಟ್ಟು ದೂರ, ಒಟ್ಟು ಏರು ಹೇಳುತ್ತದೆ. ಆ ಸರಾಸರಿಯನ್ನು ನಂಬಿದರೆ ಕೆಟ್ಟಿರಿ. 5 ಕಿಲೋಮೀಟರ್‌ನಲ್ಲಿ 300 ಮೀಟರ್ ಏರು ಎಂದರೆ ಸರಾಸರಿ ಶೇ. 6, ಹೆದರುವಂಥದ್ದೇನಲ್ಲ. ಆದರೆ ಮೊದಲ 3 ಕಿಲೋಮೀಟರ್ ಸಪಾಟಾಗಿದ್ದು ಅಷ್ಟೂ ಏರು ಕೊನೆಯ 2 ಕಿಲೋಮೀಟರ್‌ನಲ್ಲೇ ಇದ್ದರೆ ಅದು ಶೇ. 15. ಅಂಥ ಕಡೆ ಬಹಳಷ್ಟು ಜನ ಇಳಿದು ಸೈಕಲ್ ತಳ್ಳುತ್ತಾರೆ. ಹಾಗಾಗಿ ಎತ್ತರದ ಗ್ರಾಫನ್ನು ಹಿಗ್ಗಿಸಿ, ಅರ್ಧರ್ಧ ಕಿಲೋಮೀಟರ್ ತುಂಡುಗಳಾಗಿ ನೋಡಿ.

ಉಪಗ್ರಹ ಚಿತ್ರಕ್ಕೂ ಒಂದು ಮಿತಿಯಿದೆ. ಚಿತ್ರ ತೆಗೆದದ್ದು ಬೇಸಿಗೆಯಲ್ಲಾದರೆ ನೆಲ ಬೋಳಾಗಿ, ದಾರಿ ಗೆರೆ ಎಳೆದಂತೆ ಕಾಣುತ್ತದೆ. ಅದೇ ಜಾಗದಲ್ಲಿ ಅಕ್ಟೋಬರ್‌ನಲ್ಲಿ ಸೊಂಟದೆತ್ತರ ಹುಲ್ಲು ನಿಂತಿರುತ್ತದೆ, ಮಳೆನೀರು ಕೊರೆದ ಕೊರಕಲು ಅದರಡಿ ಮುಚ್ಚಿಹೋಗಿರುತ್ತದೆ. ಫೋನಿನಲ್ಲಿ ಕಾಣದ ಇಂಥವೇ ರೇಸ್ ದಿನ ಮುಂದಿನ ಗಾಲಿಯನ್ನು ಹಿಡಿದುಬಿಡುತ್ತವೆ.

ರೆಕ್ಕಿಗೆ (ರೇಸ್ ದಾರಿಯನ್ನು ಮುಂಚೆಯೇ ನೋಡಿಬರಲು) ಹೋದಾಗ ನಿಜವಾಗಿ ಏನು ನೋಡಬೇಕು? ಸುಮ್ಮನೆ ಒಂದು ಸುತ್ತು ಹೊಡೆದು ಬಂದರೆ ಆಗುತ್ತಾ?

ಈ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ಅಪರಿಚಿತ ಕೋರ್ಸ್‌ನಲ್ಲಿ ಗೆಲುವು ಸೋಲು ಬಹುಪಾಲು ಇಲ್ಲೇ ತೀರ್ಮಾನವಾಗುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ಸಮಾನ ಕಸುವಿನ ಇಬ್ಬರಲ್ಲಿ ಹಿಂದಿನ ದಿನ ನೆಲ ನೋಡಿದವನೇ ಮುಂದೆ ಹೋಗುತ್ತಾನೆ.

ಸುಲಭದ ಭಾಗಗಳನ್ನು ಹಾಗೆಯೇ ದಾಟಿ ಹೋಗಿ. ಕಷ್ಟದ ಇಳಿಜಾರು ಬಂದಾಗ ಸೈಕಲ್ಲನ್ನು ಪಕ್ಕಕ್ಕೆ ಮಲಗಿಸಿ ನಡೆದು ಇಳಿಯಿರಿ. ಕೆಳಗೆ ಹೋಗಿ ತಿರುಗಿ ಮೇಲಕ್ಕೆ ನೋಡಿ: ಮೇಲಿನಿಂದ ಒಂದೇ ದಾರಿ ಕಂಡ ಕಡೆ ಕೆಳಗಿನಿಂದ ಎರಡು ಮೂರು ಕಾಣುತ್ತವೆ. ಎಲ್ಲಿಂದ ಒಳಗೆ ಹೋಗಬೇಕು, ಎಲ್ಲಿಂದ ಹೊರಗೆ ಬರಬೇಕು ಎಂದು ನಿರ್ಧರಿಸಿ. ಆಮೇಲೆ ಮೇಲೆ ಹೋಗಿ ನಿಧಾನಕ್ಕೆ ಒಮ್ಮೆ, ರೇಸ್ ವೇಗದಲ್ಲಿ ಒಮ್ಮೆ ಇಳಿದು ನೋಡಿ. ಎರಡು ಸಲವೂ ಅಂಜಿಕೆ ಹೋಗದಿದ್ದರೆ ರೇಸ್‌ನಲ್ಲಿ ಅಲ್ಲಿ ಇಳಿದು ಓಡುತ್ತೇನೆ ಎಂದು ಈಗಲೇ ತೀರ್ಮಾನಿಸಿಬಿಡಿ. ಅರ್ಧ ದಾರಿಯಲ್ಲಿ ಮನಸ್ಸು ಬದಲಿಸಿ ಬ್ರೇಕ್ ಹಿಡಿಯುವವರೇ ಹೆಚ್ಚಾಗಿ ಬೀಳುವುದು.

ಇಡೀ ಕೋರ್ಸ್ ಬಾಯಿಪಾಠ ಮಾಡಲು ಹೋಗಬೇಡಿ, ಆಗುವುದೂ ಇಲ್ಲ. ಐದಾರು ಜಾಗಗಳಿಗೆ ನೀವೇ ಹೆಸರಿಡಿ. "ಒಡೆದ ಬಾಂದಿನ ತಿರುವು", "ಎರಡು ಹುಣಸೆಮರದ ಇಳಿಜಾರು" ಹೀಗೆ. ಹೆಸರಿಟ್ಟ ಜಾಗ ದಣಿವಿನಲ್ಲೂ ನೆನಪಾಗುತ್ತದೆ.

ಸಾಧ್ಯವಾದರೆ ರೇಸ್ ನಡೆಯುವ ಹೊತ್ತಿನಲ್ಲೇ ಹೋಗಿ. ಪುಣೆಯಲ್ಲಿ ಡಿಸೆಂಬರ್, ಜನವರಿಯಲ್ಲಿ ಸೂರ್ಯ ಹುಟ್ಟುವುದು ಏಳು ಗಂಟೆಯ ಸುಮಾರಿಗೆ. ಪೂರ್ವಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಎಂಟಕ್ಕೆ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ. ಹಿಂದಿನ ಸಂಜೆ ನೋಡಿಬಂದವರಿಗೆ ಅದು ಬೇರೆಯದೇ ದಾರಿ ಅನ್ನಿಸುತ್ತದೆ. ಗಿರಿಪುಷ್ಪದ ತೋಪಿನೊಳಗೆ ನುಗ್ಗುವಾಗ ಬೆಳಕಿನಿಂದ ಥಟ್ಟನೆ ನೆರಳಿಗೆ ಬಿದ್ದು ಎರಡು ಕ್ಷಣ ಏನೂ ಕಾಣುವುದಿಲ್ಲ. ಕಪ್ಪು ಕನ್ನಡಕಕ್ಕಿಂತ ಬಣ್ಣವಿಲ್ಲದ ಅಥವಾ ತಿಳಿ ಹಳದಿ ಗ್ಲಾಸ್ ಒಳ್ಳೆಯದು.

ಎಲ್ಲ ಕೋರ್ಸ್‌ಗಳಿಗೂ ಮುಂಚೆ ಹೋಗಲು ಬಿಡುವುದಿಲ್ಲ. ಕೆಲವು ಹೊಲದ ಅಂಚಿನಲ್ಲಿ, ಕೆಲವು ಅರಣ್ಯ ಇಲಾಖೆಯ ಜಾಗದಲ್ಲಿ ಹೋಗುತ್ತವೆ. ಆಯೋಜಕರು ಹೇಳಿದ ಸಮಯ ಬಿಟ್ಟು ಬೇರೆ ಹೊತ್ತಿನಲ್ಲಿ ನುಗ್ಗಬೇಡಿ. ರೈತರ ಜೋಳದ ಮೇಲೆ ಒಬ್ಬನ ಗಾಲಿ ಹರಿದರೆ ಮುಂದಿನ ವರ್ಷ ರೇಸೇ ಇರುವುದಿಲ್ಲ.

ನಾನು ಒಬ್ಬಳೇ ರೆಕ್ಕಿಗೆ ಹೋಗಬಹುದಾ?

ಗಂಡಾಗಲಿ ಹೆಣ್ಣಾಗಲಿ ಒಬ್ಬೊಬ್ಬರೇ ಹೋಗಬೇಡಿ. ಮುಳಶಿ, ಪಾನಶೇತ ಕಡೆಯ ಕಣಿವೆಗಳಲ್ಲಿ ನೆಟ್‌ವರ್ಕ್ ಅನೇಕ ಕಡೆ ಸಿಗುವುದಿಲ್ಲ. ಬಿದ್ದು ಕೈ ಮುರಿದರೆ ಕೂಗಿದ್ದು ಕೇಳಲು ಯಾರಾದರೂ ಬೇಕು. ಎಷ್ಟು ಗಂಟೆಗೆ ವಾಪಸ್ ಬರುತ್ತೀರಿ ಎಂದು ಮನೆಯಲ್ಲಿ ಹೇಳಿ ಹೊರಡಿ. ಜೊತೆಗಾರರು ಸಿಗದಿದ್ದರೆ ಆಯೋಜಕರನ್ನೇ ಕೇಳಿ, ಅವರ ಹತ್ತಿರ ನಿಮ್ಮಂತೆಯೇ ಕೇಳಿದ ಇನ್ನೂ ನಾಲ್ಕು ಜನರ ಹೆಸರು ಇರುತ್ತದೆ.

ಗೋವಾದಲ್ಲಿದ್ದಾಗ ಕೆಂಪುಮಣ್ಣಿನ ದಾರಿಯಲ್ಲಿ ಚೆನ್ನಾಗಿ ಹೊಡೆಯುತ್ತಿದ್ದೆ. ಪುಣೆಯ ಗುಡ್ಡಗಳಲ್ಲಿ ಪದೇ ಪದೇ ಜಾರುತ್ತೇನೆ. ಯಾಕೆ?

ನೆಲವೇ ಬೇರೆ. ಗೋವಾದ್ದು ಜಂಬಿಟ್ಟಿಗೆ: ಮೇಲ್ಮೈ ತರಿತರಿ, ಒಣಗಿದಾಗ ಟೈರಿಗೆ ಹಿಡಿತ ಕೊಡುತ್ತದೆ. ಪುಣೆಯ ಸುತ್ತಲಿನ ಗುಡ್ಡಗಳು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಪದರ ಪದರವಾಗಿ ಹೆಪ್ಪುಗಟ್ಟಿದ ಬಸಾಲ್ಟ್ ಕಲ್ಲಿನವು. ಒಂದು ಪದರ ಗಟ್ಟಿ, ಇನ್ನೊಂದು ಮೆದು. ಮೆದುವಾದದ್ದು ಸವೆದು ಇಳಿಜಾರಾಗುತ್ತದೆ, ಗಟ್ಟಿಯಾದದ್ದು ಗೋಡೆಯಂತೆ ನಿಲ್ಲುತ್ತದೆ. ಸಹ್ಯಾದ್ರಿಯ ಗುಡ್ಡಗಳನ್ನು ದೂರದಿಂದ ನೋಡಿದರೆ ಈ ಮೆಟ್ಟಿಲುಗಳು ಸ್ಪಷ್ಟವಾಗಿ ಕಾಣುತ್ತವೆ. ರೇಸ್‌ಗೆ ಇದರಿಂದ ಆಗುವ ಪರಿಣಾಮವೇನೆಂದರೆ ಇಲ್ಲಿನ ಏರು ಒಂದೇ ಸಮನೆ ಇರುವುದಿಲ್ಲ. ಚಿಕ್ಕ ಕಡಿದಾದ ಏರು, ಆಮೇಲೆ ಸಪಾಟು, ಮತ್ತೆ ಏರು. ಪ್ರತಿ ಏರಿಗೂ ಮುಂಚೆ, ಸಪಾಟಿನಲ್ಲಿರುವಾಗಲೇ ಹಗುರ ಗೇರಿಗೆ ಬನ್ನಿ. ಏರಿನ ನಡುವೆ ಪೂರ್ತಿ ಬಲ ಹಾಕಿ ತುಳಿಯುತ್ತಾ ಗೇರ್ ಬದಲಿಸಿದರೆ ಚೈನ್ ಕಡಿಯಬಹುದು.

ಬಸಾಲ್ಟ್ ಹಾಸುಗಲ್ಲು ಒಣಗಿದ್ದಾಗ ಒಳ್ಳೆಯ ಹಿಡಿತವಿದೆ, ಧೈರ್ಯವಾಗಿ ಹೋಗಿ. ಜಾರಿಸುವುದು ಮುರುಮ. ಗಟ್ಟಿ ನೆಲದ ಮೇಲೆ ಹರಡಿದ ಈ ಸಡಿಲ ಗರಸು ಟೈರಿನ ಕೆಳಗೆ ಗೋಲಿಗಳಂತೆ ಉರುಳುತ್ತದೆ. ಅದರ ಮೇಲೆ ಸೈಕಲ್ ವಾಲಿಸಿ ಬ್ರೇಕ್ ಹಿಡಿದರೆ ಬಿದ್ದಿರಿ ಎಂದೇ ಲೆಕ್ಕ. ನೆಟ್ಟಗಿರುವಾಗ ಬ್ರೇಕ್ ಮುಗಿಸಿ, ತಿರುವಿನಲ್ಲಿ ಬ್ರೇಕ್ ಬಿಟ್ಟು ಹೋಗಿ.

ಟೈರಿಗೆ ಎಷ್ಟು ಗಾಳಿ ಹಾಕಲಿ?

70 ಕಿಲೋ ತೂಕದವರು, 2.25 ಇಂಚಿನ ಟ್ಯೂಬ್‌ಲೆಸ್ ಟೈರ್ ಆದರೆ ಮುಂದೆ 21-22, ಹಿಂದೆ 24-25 ಪಿಎಸ್‌ಐನಿಂದ (ಪಂಪಿನ ಗೇಜ್ ತೋರಿಸುವ ಗಾಳಿಯ ಒತ್ತಡದ ಅಳತೆ) ಶುರು ಮಾಡಿ. ಟ್ಯೂಬ್ ಇದ್ದರೆ 30ರ ಆಸುಪಾಸು, ಇಲ್ಲದಿದ್ದರೆ ಚೂಪುಗಲ್ಲಿಗೆ ರಿಮ್ ಬಡಿದು ಟ್ಯೂಬಿನಲ್ಲಿ ಹಾವು ಕಚ್ಚಿದ ಹಾಗೆ ಎರಡು ತೂತು ಬೀಳುತ್ತವೆ. ರೆಕ್ಕಿ ದಿನ ರಿಮ್ ಬಡಿದ ಸದ್ದು ಕೇಳಿದರೆ 2 ಪಿಎಸ್‌ಐ ಏರಿಸಿ, ಸೈಕಲ್ ಕುಪ್ಪಳಿಸಿದರೆ 1 ಇಳಿಸಿ. ಹೆಬ್ಬೆರಳಿನಿಂದ ಒತ್ತಿ ನೋಡುವ ಅಂದಾಜು ಇಲ್ಲಿ ಸಾಲದು, ಗೇಜ್ ಇರುವ ಪಂಪ್ ಬಳಸಿ.

ಜಾಲಿಮುಳ್ಳು ಈ ಕಡೆ ಎಲ್ಲೆಲ್ಲೂ ಇದೆ. ಟ್ಯೂಬ್‌ಲೆಸ್ ಟೈರಿನೊಳಗೆ ತೂತು ಮುಚ್ಚಲು ಹಾಕುವ ಸೀಲಂಟ್ ದ್ರವ ನಮ್ಮ ಬಿಸಿಲಿಗೆ ಎರಡು ಮೂರು ತಿಂಗಳಲ್ಲಿ ಒಣಗುತ್ತದೆ, ರೇಸ್‌ನ ವಾರ ಟೈರ್ ಅಲ್ಲಾಡಿಸಿ ಒಳಗೆ ದ್ರವ ಕುಲುಕುವ ಸದ್ದು ಬರುತ್ತದೆಯೇ ಕೇಳಿ. ಟೈರಿನಲ್ಲಿ ಮುಳ್ಳು ಕಂಡರೆ ರೇಸ್ ಮಧ್ಯೆ ಕೀಳಬೇಡಿ. ಗಾಳಿ ಹೋಗುತ್ತಿಲ್ಲ ಎಂದರೆ ಆ ಮುಳ್ಳೇ ತೂತನ್ನು ಮುಚ್ಚಿಕೊಂಡಿದೆ.

ಬಾಡಿಗೆ ಸೈಕಲ್‌ನಲ್ಲಿ ರೇಸ್ ಹೊಡೆಯಬಹುದಾ? ಹಾರ್ಡ್‌ಟೇಲ್ ಸಾಕಾ?

ಮೊದಲ ರೇಸ್‌ಗೆ ಮುಂದಿನ ಸಸ್ಪೆನ್ಶನ್ ಮಾತ್ರ ಇರುವ ಹಾರ್ಡ್‌ಟೇಲ್ ಧಾರಾಳ ಸಾಕು. ಡಿಸ್ಕ್ ಬ್ರೇಕ್ ಇರಲಿ, ಟೈರ್ 2.1 ಇಂಚಿಗಿಂತ ಕಿರಿದಾಗಿರಬಾರದು. ರೋಡಿಗೂ ಮಣ್ಣುದಾರಿಗೂ ಎಂದು ಮಾಡಿದ ತೆಳು ಟೈರಿನ ಹೈಬ್ರಿಡ್ ಸೈಕಲ್ ಬೇಡ.

ಬಾಡಿಗೆಯದಾದರೆ ಕೈಗೆ ತೆಗೆದುಕೊಂಡ ಕೂಡಲೇ ಯಾವ ಲಿವರ್ ಮುಂದಿನ ಬ್ರೇಕ್ ಎಂದು ನೋಡಿ. ಕೆಲವದರಲ್ಲಿ ಬಲಗೈ, ಕೆಲವದರಲ್ಲಿ ಎಡಗೈ. ಅಭ್ಯಾಸಕ್ಕೆ ವಿರುದ್ಧವಾಗಿದ್ದರೆ ಅಂಗಡಿಯಲ್ಲೇ ಬದಲಿಸಿಕೊಡಲು ಹೇಳಿ. ಇಳಿಜಾರಿನಲ್ಲಿ ಹಿಂದಿನದೆಂದು ಮುಂದಿನದನ್ನು ಒತ್ತಿದರೆ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಹಾರುತ್ತೀರಿ. ಜೊತೆಗೆ ಆ ಫ್ರೇಮಿಗೇ ಹೊಂದುವ ಡೀರೇಲರ್ ಹ್ಯಾಂಗರ್ (ಹಿಂದಿನ ಗೇರ್ ಬದಲಿಸುವ ಭಾಗವನ್ನು ಫ್ರೇಮಿಗೆ ಹಿಡಿದಿಡುವ ಲೋಹದ ತುಂಡು) ಒಂದು ಹೆಚ್ಚುವರಿ ಇದೆಯೇ ಕೇಳಿ. ಕಲ್ಲಿಗೆ ತಾಗಿದರೆ ಮೊದಲು ಬಾಗುವುದೇ ಅದು, ಒಂದು ಫ್ರೇಮಿನದು ಇನ್ನೊಂದಕ್ಕೆ ಕೂರುವುದಿಲ್ಲ.

ಮುಂಬಯಿಯಿಂದ ಬರುತ್ತಿದ್ದೇನೆ. ಪುಣೆ ಎತ್ತರದಲ್ಲಿದೆ, ಉಸಿರಾಟಕ್ಕೆ ತೊಂದರೆಯಾಗುತ್ತಾ?

ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್, ಸಿಂಹಗಡದ ತುದಿ ಸುಮಾರು 1,300 ಮೀಟರ್. ಉಸಿರಾಟಕ್ಕೆ ತೊಂದರೆ ಮಾಡುವ ಎತ್ತರವಲ್ಲ ಇದು. ನಿಮಗೆ ಹೊಸದಾಗುವುದು ಚಳಿ ಮತ್ತು ಒಣಹವೆ. ಚಳಿಗಾಲದ ಬೆಳಿಗ್ಗೆ ಇಲ್ಲಿ ಹತ್ತು ಹನ್ನೆರಡು ಡಿಗ್ರಿಗೆ ಇಳಿಯುತ್ತದೆ, ತೆಳು ಜಾಕೆಟ್ ತನ್ನಿ. ಬೆವರು ಬಂದಂತೆಯೇ ಆರಿಹೋಗುವುದರಿಂದ ಎಷ್ಟು ನೀರು ಕಳೆದುಕೊಂಡಿರಿ ಎಂದು ಗೊತ್ತಾಗುವುದಿಲ್ಲ, ಬಾಯಾರದಿದ್ದರೂ ಕುಡಿಯಿರಿ.

ಕಾರಿನಲ್ಲಿ ತರುವಾಗ ಗಾಲಿ ಬಿಚ್ಚಿದ್ದರೆ ಬ್ರೇಕ್ ಪ್ಯಾಡ್‌ಗಳ ಮಧ್ಯೆ ಪ್ಲಾಸ್ಟಿಕ್ ಬಿಲ್ಲೆ ಅಥವಾ ದಪ್ಪ ರಟ್ಟಿನ ಮಡಿಕೆ ತುರುಕಿ. ಡಿಸ್ಕ್ ಇಲ್ಲದಾಗ ಯಾರಾದರೂ ಲಿವರ್ ಒತ್ತಿದರೆ ಪ್ಯಾಡ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ರೇಸ್ ಬೆಳಿಗ್ಗೆ ಗಾಲಿ ಒಳಗೆ ಕೂರುವುದೇ ಇಲ್ಲ. ಹಿಂದಿನ ಸಂಜೆಯೇ ಬಂದು ತಲುಪಿ.

ಸರ್, ರೇಸಿನ್ ದಿನ ಮುಂಜಾನೆ ಏನ್ ತಿನ್ನಬೇಕ್ರಿ? ನಮ್ಮ ಅವ್ವ ಶೇಂಗಾ ಹೋಳಿಗಿ ಕಟ್ಟಿ ಕಳಿಸ್ಯಾಳ, ಅದು ನಡೀತದೇನ್ರಿ?

ಅವ್ವನ ಹೋಳಿಗೆಗಿಂತ ಒಳ್ಳೆಯದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಬೆಲ್ಲ, ಶೇಂಗಾ ಎರಡೂ ಇರುವುದರಿಂದ ಹಿಂದಿನ ದಿನ ಧಾರಾಳವಾಗಿ ತಿನ್ನಿ, ರೇಸಿನಲ್ಲೂ ಚಿಕ್ಕ ತುಂಡು ಮಾಡಿ ಜೇಬಿಗೆ ಹಾಕಿಕೊಳ್ಳಿ. ಶೇಂಗಾದಲ್ಲಿ ಎಣ್ಣೆ ಇರುವುದರಿಂದ ಕರಗಲು ಹೊತ್ತು ಬೇಕು, ಅದಕ್ಕೇ ಒಂದೇ ಸಲ ಪೂರ್ತಿ ತಿನ್ನಬೇಡಿ.

ಸ್ಟಾರ್ಟ್‌ಗೆ ಎರಡು ಎರಡೂವರೆ ಗಂಟೆ ಮೊದಲು ಉಪ್ಪಿಟ್ಟು, ಅವಲಕ್ಕಿ ಅಥವಾ ಇಡ್ಲಿ. ಮಿಸಳ್ ಪಾವ್ ರೇಸ್ ಮುಗಿದ ಮೇಲೆ. ರೇಸ್ ಒಂದು ಗಂಟೆ ದಾಟುವುದಾದರೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಒಂದು ಮಧ್ಯಮ ಗಾತ್ರದ ಬಾಳೆಹಣ್ಣು ಸುಮಾರು 25 ಗ್ರಾಂ ಕೊಡುತ್ತದೆ. ಖರ್ಜೂರವೂ ಒಳ್ಳೆಯದು. ಚಿಕ್ಕಿ ಗಟ್ಟಿ, ಏದುಸಿರಿನಲ್ಲಿ ಅಗಿಯುವುದು ಕಷ್ಟ. ನೀರು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್. ಒಂದು ಬಾಟಲಿಯಲ್ಲಿ ಓಆರ್‌ಎಸ್ ಪುಡಿ, ಪೊಟ್ಟಣದ ಮೇಲೆ ಬರೆದ ಅಳತೆಗೇ ಕಲಸಿ. ಎಲ್ಲಿ ತಿನ್ನಬೇಕು ಎಂಬುದನ್ನೂ ರೆಕ್ಕಿಯಲ್ಲೇ ಗುರುತು ಮಾಡಿಕೊಳ್ಳಿ: ಒಂದು ಕೈ ಬಿಡಲು ಆಗುವ ಸಪಾಟು ಜಾಗಗಳು ಕೋರ್ಸ್‌ನಲ್ಲಿ ಬೆರಳೆಣಿಕೆಯಷ್ಟೇ.

ಸ್ಟಾರ್ಟ್‌ನಲ್ಲಿ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ. ನಾನು ಎಲ್ಲಿ ನಿಲ್ಲಲಿ?

ನಡುವಿನಲ್ಲಿ, ಒಂದು ಬದಿಗೆ. ಮೊದಲ ಕಾಲುದಾರಿ ಎಷ್ಟು ದೂರದಲ್ಲಿ ಶುರುವಾಗುತ್ತದೆ ಎಂಬುದು ಇಲ್ಲಿ ಮುಖ್ಯ. ಅರ್ಧ ಕಿಲೋಮೀಟರ್‌ಗೇ ದಾರಿ ಕಿರಿದಾಗುವುದಾದರೆ ಅಲ್ಲಿ ಜನ ಸಿಕ್ಕಿಕೊಳ್ಳುತ್ತಾರೆ, ಸ್ವಲ್ಪ ಜೋರಾಗಿಯೇ ಹೋಗಿ ಮುಂದಿನ ಗುಂಪಿನಲ್ಲಿ ಸೇರಿಕೊಳ್ಳಿ. ಎರಡು ಮೂರು ಕಿಲೋಮೀಟರ್ ಅಗಲ ದಾರಿ ಇದ್ದರೆ ಅವಸರ ಬೇಡ. ಮೊದಲ ಐದು ನಿಮಿಷ ಪಕ್ಕದವರನ್ನು ನೋಡಿ ಓಡಿದವರು ಮೊದಲ ಏರಿನಲ್ಲೇ ಸಾಲುಸಾಲಾಗಿ ಹಿಂದೆ ಬೀಳುತ್ತಾರೆ. ಮುಂದೆ ಜನ ಸಿಕ್ಕಿಕೊಂಡು ನಿಂತರೆ ಇಳಿದು ಓಡಿ. ಸೈಕಲ್ಲನ್ನು ನಿಮ್ಮ ಬಲಕ್ಕೆ ಇಟ್ಟುಕೊಂಡು ಓಡಿದರೆ ಚೈನ್ ಆಚೆ ಬದಿಗಿರುತ್ತದೆ, ಕಾಲಿಗೆ ತಾಗುವುದಿಲ್ಲ.

ನೋಡದೇ ಇರುವ ಇಳಿಜಾರು ಬಂದುಬಿಟ್ಟರೆ?

ಕಣ್ಣಿಗೆ ಎಷ್ಟು ದೂರ ಕಾಣುತ್ತದೋ ಅಷ್ಟರೊಳಗೆ ನಿಲ್ಲಿಸಲು ಆಗುವ ವೇಗದಲ್ಲೇ ಹೋಗಿ. ದಾರಿ ತಿರುವಿನಾಚೆ ಮರೆಯಾದರೆ ನಿಧಾನ, ತೆರೆದುಕೊಂಡರೆ ಬಿಡಿ. ಸೀಟಿನಿಂದ ಏಳಿ, ಪೆಡಲ್ ಎರಡೂ ಸಮಮಟ್ಟದಲ್ಲಿರಲಿ, ಹಿಮ್ಮಡಿ ಕೆಳಗೆ, ಮೊಣಕೈ ಸಡಿಲ. ಬ್ರೇಕಿಗೆ ಒಂದೊಂದೇ ಬೆರಳು, ಉಳಿದವು ಹಿಡಿಯ ಮೇಲೆ. ನೋಟ ಮುಂದಿನ ಗಾಲಿಯ ಮೇಲಲ್ಲ, ಮೂರು ನಾಲ್ಕು ಸೈಕಲ್ ಉದ್ದ ಮುಂದೆ. ತಪ್ಪಿಸಬೇಕಾದ ಕಲ್ಲನ್ನು ದಿಟ್ಟಿಸಿದರೆ ಸೈಕಲ್ ಅದರ ಮೇಲೇ ಹೋಗುತ್ತದೆ, ಹೋಗಬೇಕಾದ ಸಂದನ್ನು ನೋಡಿ.

ಮುಂದೆ ಒಬ್ಬ ಒಳ್ಳೆಯ ಸವಾರ ಇದ್ದರೆ ಅವನ ಹಾದಿಯನ್ನು ಗಮನಿಸಿ, ಆದರೆ ಗಾಲಿಗೆ ಅಂಟಿಕೊಳ್ಳಬೇಡಿ. ಅವನು ಬಿದ್ದರೆ ನಿಲ್ಲಲು ನಿಮಗೆ ಜಾಗ ಬೇಕು.

ಹಿಂದಿನಿಂದ "ಲೆಫ್ಟ್, ಲೆಫ್ಟ್" ಎಂದು ಕೂಗಿದರೆ ಏನು ಮಾಡಬೇಕು?

ಅವರು ನಿಮ್ಮ ಎಡಗಡೆಯಿಂದ ಬರುತ್ತಿದ್ದಾರೆ ಎಂದು ಅರ್ಥ. ನೀವು ಎಡಕ್ಕೆ ಸರಿಯಬೇಡಿ. ಗಾಬರಿಯಾಗಿ ಪೊದೆಗೆ ನುಗ್ಗುವ ಅಗತ್ಯವೂ ಇಲ್ಲ, ಜಾಗ ಸಿಕ್ಕ ಕೂಡಲೇ ಬಿಟ್ಟುಕೊಡಿ. ಸುತ್ತುಗಳ ರೇಸಿನಲ್ಲಿ ನಿಮ್ಮನ್ನು ಒಂದು ಪೂರ್ತಿ ಸುತ್ತು ಹಿಂದಿಕ್ಕಿ ಬಂದವರಿಗೆ ತಡಮಾಡದೆ ದಾರಿ ಬಿಡಿ.

ದಾರಿ ತಪ್ಪದಂತೆ ನೋಡಿಕೊಳ್ಳುವುದು ಹೇಗೆ? ನನಗೆ ಮರಾಠಿಯೂ ಬರುವುದಿಲ್ಲ.

ಬಾಣದ ಗುರುತು ದಿಕ್ಕು ಹೇಳುತ್ತದೆ, ಅಡ್ಡಗೀಟು ಹಾಕಿದ ಗುರುತು ಅದು ತಪ್ಪು ದಾರಿ ಎನ್ನುತ್ತದೆ. ಕೆಳಮುಖ ಬಾಣ ಒಂದಿದ್ದರೆ ನಿಧಾನ, ಎರಡಿದ್ದರೆ ಅಪಾಯ, ಮೂರಿದ್ದರೆ ಬಹಳ ಅಪಾಯ: ಇದು ಅಂತರರಾಷ್ಟ್ರೀಯ ರೇಸ್‌ಗಳ ಪದ್ಧತಿ, ಇಲ್ಲಿ ಯಾವ ಗುರುತು ಎಂಬುದನ್ನು ಹಿಂದಿನ ಸಂಜೆಯ ಬ್ರೀಫಿಂಗ್‌ನಲ್ಲಿ ಕೇಳಿ ತಿಳಿದುಕೊಳ್ಳಿ. ಕವಲಿನಲ್ಲಿ ಮುಂದಿನವನನ್ನು ಕಣ್ಣುಮುಚ್ಚಿ ಹಿಂಬಾಲಿಸಬೇಡಿ, ಗುರುತು ನೀವೇ ನೋಡಿ. ಕವಲು ದಾಟಿದ ಮೇಲೂ ಬಹಳ ಹೊತ್ತು ಗುರುತೇ ಕಾಣದಿದ್ದರೆ ಕೊನೆಯ ಗುರುತು ಕಂಡ ಕಡೆಗೆ ವಾಪಸ್ ಬನ್ನಿ.

ಕವಲುಗಳಲ್ಲಿ ನಿಲ್ಲುವವರು ಹೆಚ್ಚಾಗಿ ಆ ಊರಿನ ಹುಡುಗರು. "ಡಾವೀಕಡೆ" ಎಂದರೆ ಎಡಕ್ಕೆ, "ಉಜವೀಕಡೆ" ಎಂದರೆ ಬಲಕ್ಕೆ, "ಥಾಂಬಾ" ಎಂದರೆ ನಿಲ್ಲಿ. ಇಷ್ಟು ಸಾಕು.

ಮಳೆಗಾಲದ ರೇಸ್‌ಗೆ ಹೆಸರು ಕೊಡಲಾ?

ಅದೇ ನಿಮ್ಮ ಮೊದಲ ರೇಸ್ ಆಗುವುದಾದರೆ ಬೇಡ. ಪಾಚಿ ಹಿಡಿದ ಬಸಾಲ್ಟ್ ಮೇಲೆ ಯಾವ ಟೈರೂ ನಿಲ್ಲುವುದಿಲ್ಲ. ಎರೆಮಣ್ಣು ಬಂದರೆ ಫೋರ್ಕ್ ಮತ್ತು ಟೈರಿನ ನಡುವೆ ಮೆತ್ತಿಕೊಂಡು ಗಾಲಿ ತಿರುಗುವುದೇ ನಿಲ್ಲುತ್ತದೆ, ಆಗ ತಳ್ಳುವುದಕ್ಕಿಂತ ಹೊತ್ತು ನಡೆಯುವುದೇ ಬೇಗ. ಹೆಸರು ಕೊಟ್ಟಾಗಿದೆ ಎಂದರೆ ಬ್ರೇಕ್ ಪ್ಯಾಡ್ ಹೊಸದು ಹಾಕಿಸಿ. ಕೆಸರುನೀರಿನಲ್ಲಿ ರೆಸಿನ್ ಪ್ಯಾಡ್‌ಗಿಂತ ಲೋಹದ ಪ್ಯಾಡ್ ಹೆಚ್ಚು ಬಾಳುತ್ತದೆ.

ಹೆಜ್ಜೇನು, ಹಾವು, ನಾಯಿ?

ಹೆಜ್ಜೇನು ಕೋಟೆಯ ಬಂಡೆಗಳಲ್ಲಿ, ದೊಡ್ಡ ಮರಗಳಲ್ಲಿ ಗೂಡು ಕಟ್ಟುತ್ತದೆ. ಎದ್ದರೆ ಕೈ ಬೀಸಬೇಡಿ, ಮುಖ ಮುಚ್ಚಿಕೊಂಡು ಆದಷ್ಟು ದೂರ ಹೋಗಿ. ಹಾವು ಬೆಳಗಿನ ಬಿಸಿಲಿಗೆ ದಾರಿಯಲ್ಲೇ ಮಲಗಿರುವುದುಂಟು, ದೂರದಲ್ಲೇ ನಿಂತು ಅದು ಹೋಗಲು ಬಿಡಿ. ಕಚ್ಚಿದರೆ ಕುಯ್ಯುವುದು, ಬಿಗಿಯಾಗಿ ಕಟ್ಟುವುದು ಏನೂ ಬೇಡ, ಕೈಕಾಲು ಅಲುಗಿಸದೆ ನೇರ ಆಸ್ಪತ್ರೆಗೆ. ನಾಯಿ ಬೆನ್ನಟ್ಟಿದರೆ ಇಳಿದು ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆಯಿರಿ.

ಬಿದ್ದೆ, ತಲೆಗೆ ಪೆಟ್ಟಾಯಿತು, ಆದರೆ ಚೆನ್ನಾಗಿಯೇ ಇದ್ದೇನೆ ಅನ್ನಿಸುತ್ತದೆ. ಮುಂದುವರಿಸಲಾ?

ಬೇಡ. ಹೆಲ್ಮೆಟ್ ಬಿರುಕು ಬಿಟ್ಟಿದ್ದರೆ, ತಲೆ ಸುತ್ತಿದರೆ, ವಾಕರಿಕೆ ಬಂದರೆ, ಬಿದ್ದ ಕ್ಷಣ ನೆನಪಾಗದಿದ್ದರೆ ನಿಮ್ಮ ರೇಸ್ ಅಲ್ಲಿಗೆ ಮುಗಿಯಿತು. ಈ ಲಕ್ಷಣಗಳು ತಡವಾಗಿಯೂ ಕಾಣಿಸಬಹುದು, ಆ ರಾತ್ರಿ ಒಬ್ಬರೇ ಇರಬೇಡಿ. ಮಹಾರಾಷ್ಟ್ರದಲ್ಲೂ ಆ್ಯಂಬುಲೆನ್ಸ್‌ಗೆ 108. ಬೇರೆಯವರು ಬಿದ್ದು ಏಳದೇ ಇದ್ದರೆ ನೀವು ನಿಲ್ಲಿ. ಒಬ್ಬರು ಅವರ ಹತ್ತಿರ, ಇನ್ನೊಬ್ಬರು ಮೇಲಿನ ತಿರುವಿನಲ್ಲಿ ನಿಂತು ಹಿಂದೆ ಬರುವವರನ್ನು ನಿಧಾನ ಮಾಡಿಸಬೇಕು.

ಮಧ್ಯದಲ್ಲೇ ಬಿಟ್ಟರೆ ಸುಮ್ಮನೆ ಮನೆಗೆ ಹೋಗಬಹುದಾ?

ದಯವಿಟ್ಟು ಹಾಗೆ ಮಾಡಬೇಡಿ. ಮುಂದಿನ ಸ್ವಯಂಸೇವಕರಿಗೆ ನಿಮ್ಮ ನಂಬರ್ ಹೇಳಿ, ಅವರು ಬರೆದುಕೊಂಡರೋ ನೋಡಿ, ಸಾಧ್ಯವಾದರೆ ಫಿನಿಶ್‌ಗೂ ಹೋಗಿ ತಿಳಿಸಿ. ಹೇಳದೆ ಹೋದರೆ ಬೆಳಗಿನ ಜಾವದಿಂದ ನಿಂತ ಹುಡುಗರು ಟಾರ್ಚ್ ಹಿಡಿದು ನಿಮ್ಮನ್ನು ಕಣಿವೆಯಲ್ಲಿ ಹುಡುಕಬೇಕಾಗುತ್ತದೆ. ನಿಗದಿತ ಸಮಯದೊಳಗೆ ಚೆಕ್‌ಪಾಯಿಂಟ್ ತಲುಪಲಿಲ್ಲವೆಂದು ಸ್ವಯಂಸೇವಕರು ನಿಮ್ಮನ್ನು ನಿಲ್ಲಿಸಿದರೆ ಅವರೊಂದಿಗೆ ವಾದಕ್ಕೆ ಇಳಿಯಬೇಡಿ.

ಮುಗಿದ ಮೇಲೆ ಸೈಕಲ್ಲಿಗೆ ಏನು ಮಾಡಬೇಕು?

ಅದೇ ದಿನ ತೊಳೆಯಿರಿ. ಸರ್ವಿಸ್ ಸ್ಟೇಷನ್ನಿನ ಜೋರು ನೀರಿನ ಪೈಪನ್ನು ಹಬ್ (ಗಾಲಿಯ ನಡುಭಾಗ), ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಜಾಗ), ಪೆಡಲ್ ಮಧ್ಯದ ಬೇರಿಂಗ್ ಕಡೆ ತಿರುಗಿಸಬೇಡಿ, ಒಳಗಿನ ಗ್ರೀಸ್ ತೊಳೆದುಹೋಗುತ್ತದೆ. ಬಕೆಟ್ ನೀರು, ಬ್ರಷ್ ಸಾಕು. ಚೈನ್ ಒರೆಸಿ, ಒಣಗಿಸಿ, ಎಣ್ಣೆ ಹಾಕಿ. ಟೈರಿನ ಪಕ್ಕಗಳಲ್ಲಿ ಕಲ್ಲು ಸೀಳಿದ ಗುರುತು ಇದೆಯೇ ಎಂದು ಬೆರಳಾಡಿಸಿ ನೋಡಿ. ನವೆಂಬರ್ ಡಿಸೆಂಬರ್‌ನ ರೇಸ್ ಆದರೆ ಕಾಲುಚೀಲ ವಾಷಿಂಗ್ ಮೆಷಿನ್ನಿಗೆ ಹಾಕುವ ಮುಂಚೆ ಅದರಲ್ಲಿ ನೆಟ್ಟಿರುವ ಸೂಜಿಯಂಥ ಹುಲ್ಲುಬೀಜಗಳನ್ನು ಒಂದೊಂದಾಗಿ ಕಿತ್ತು ತೆಗೆಯಿರಿ, ಇಲ್ಲದಿದ್ದರೆ ಮನೆಯವರ ಬಟ್ಟೆಗೆಲ್ಲ ಹತ್ತಿಕೊಳ್ಳುತ್ತವೆ.